ಸಣ್ಣ ಶಾಲೆಯ ಲೆಕ್ಕ

ಶಾಲೆಯೊಂದರ ಸ್ಥಿತಿಯನ್ನು ಅಳೆಯಹೊರಟವರು ಮೊದಲು ಕೇಳುವುದು, ಉಪಾಧ್ಯಾಯರೊಬ್ಬರಿಗೆ ಎಷ್ಟು ಮಕ್ಕಳು ಎಂಬುದನ್ನು. ಈ ಸಂಖ್ಯೆ ಕಡಮೆಯಾದಷ್ಟೂ ಪಾಠವು ಚೆನ್ನಾಗಿ ಸಾಗುವುದೆಂಬ ನಂಬಿಕೆ ಬಲವಾಗಿದೆ. ಸಣ್ಣ ಪ್ರಾಥಮಿಕ ಶಾಲೆಗಳ ವಿಷಯದಲ್ಲಿ ಈ ನಂಬಿಕೆಯನ್ನು ಮರುಪರಿಶೀಲಿಸುವುದು ಅವಶ್ಯ.

೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ ಒಟ್ಟು ೬೦ ಮಕ್ಕಳಿರುವ ತನಕ ಇಬ್ಬರು, ೬೧ರಿಂದ ೯೦ರವರೆಗೆ ಮೂವರು, ೯೧ರಿಂದ ೧೨೦ರವರೆಗೆ ನಾಲ್ವರು ಉಪಾಧ್ಯಾಯರಿರತಕ್ಕದ್ದು. ಶಾಲೆಯೊಂದರಲ್ಲಿ ೬೦ ಮಕ್ಕಳಿರುವರೆಂದು ಇಟ್ಟುಕೊಳ್ಳೋಣ. ತರಗತಿಗೆ ಸರಾಸರಿ ೧೨ ಮಕ್ಕಳು, ಉಪಾಧ್ಯಾಯರೊಬ್ಬರಿಗೆ ೩೦. ಕಾಗದದ ಮೇಲೆ ಎರಡೂ ಹಿತವಾದ ಅಂಕಿಗಳೇ. ಆದರೆ ತರಗತಿಗಳು ಐದು, ಉಪಾಧ್ಯಾಯರು ಇಬ್ಬರು. ಒಬ್ಬರು ಮೂರು ತರಗತಿಗಳನ್ನು ಏಕಕಾಲಕ್ಕೆ ನಡೆಸಬೇಕು. ಒಂದಕ್ಕೆ ಪಾಠ ಹೇಳುವಾಗ ಉಳಿದೆರಡು ಕಾದಿರಬೇಕು. ೬೧ನೆಯ ಮಗು ಸೇರಿದರೆ ಮೂರನೆಯ ಉಪಾಧ್ಯಾಯರಿಗೆ ಅವಕಾಶವುಂಟು. ಆ ಮಗುವಿನ ತಂದೆತಾಯಿಗಳು ಕೆಲಸವನ್ನರಸಿ ಬೇರೆ ಊರಿಗೆ ಹೊರಟರೆ ಆ ಹುದ್ದೆಗೆ ಆಧಾರ ತಪ್ಪುತ್ತದೆ.

ಇದು ವಿರಳವಾದ ಸಂಗತಿಯಲ್ಲ. ೨೦೧೬-೧೭ರಲ್ಲಿ ಭಾರತದ ಸರ್ಕಾರಿ ಪ್ರಾಥಮಿಕ ಶಾಲೆಗಳ ಪೈಕಿ ಶೇಕಡಾ ಸುಮಾರು ೨೮ರಲ್ಲಿ ೩೦ಕ್ಕಿಂತ ಕಡಮೆ ಮಕ್ಕಳಿದ್ದರು. ೧,೦೮,೦೧೭ ಶಾಲೆಗಳಲ್ಲಿ ಒಬ್ಬರೇ ಉಪಾಧ್ಯಾಯರಿದ್ದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಅಂಕಿಗಳನ್ನು ಮುಂದಿಟ್ಟು, ನೆರೆಹೊರೆಯ ಶಾಲೆಗಳನ್ನು ಸಮುಚ್ಚಯಗಳಾಗಿ ಕೂಡಿಸುವಂತೆ ಸೂಚಿಸಿತು.

ಹೊರನಾಡಿನಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದುದು. ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ. ಅಂತಹ ನಗರದಲ್ಲಿ ಕನ್ನಡ ಶಾಲೆಯೊಂದು ಮುಚ್ಚಿದರೆ ಪಕ್ಕದ ಕಟ್ಟಡದಲ್ಲಿ ಬೆಂಚು ಸಿಗಬಹುದು, ಭಾಷೆ ಸಿಗದು. ಶಾಲೆಯಲ್ಲಿ ೪೦ ಅಥವಾ ತರಗತಿಯೊಂದರಲ್ಲಿ ೧೦ ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಬೋಧಿಸಲು ಉಪಾಧ್ಯಾಯರನ್ನು ನೇಮಿಸಬೇಕೆಂದು ೧೯೪೯ರ ಶಿಕ್ಷಣ ಸಚಿವರ ಸಮ್ಮೇಳನವು ನಿರ್ಣಯಿಸಿತ್ತು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ; ಅದರಲ್ಲಿ ಮಕ್ಕಳ ಸಂಖ್ಯೆಯ ನಿಬಂಧನೆಯಿಲ್ಲ.

ಮಕ್ಕಳು ಕಡಮೆಯಾದ ಮಾತ್ರಕ್ಕೆ ಪಾಠ ಕೆಡಬೇಕೆಂದಿಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಲಿಕೆಯ ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಮುಂದುವರಿಯುತ್ತಾರೆ. ಹೊರನಾಡ ಶಾಲೆಗಳ ಉಪಾಧ್ಯಾಯರಿಗೂ ಇಂತಹ ಬಹುವರ್ಗ ಬೋಧನೆಯ ತರಬೇತಿ ದೊರೆಯಬೇಕು.

ಆದುದರಿಂದ ನಮ್ಮ ಸಂಘಗಳು ಶಾಲೆಯ ಅಳಿವು-ಉಳಿವಿನ ಮಾತೆತ್ತುವ ಮುನ್ನ ಮೂರು ಅಂಕಿಗಳನ್ನು ಸಂಗ್ರಹಿಸುವುದು ಒಳಿತು: ಪ್ರತಿ ತರಗತಿಯ ಮಕ್ಕಳೆಷ್ಟು, ಅವರಲ್ಲಿ ಮನೆಯಲ್ಲಿ ಕನ್ನಡವಾಡುವವರೆಷ್ಟು, ಉಪಾಧ್ಯಾಯರೊಬ್ಬರ ಪಾಲಿಗೆ ಬಿದ್ದ ತರಗತಿಗಳೆಷ್ಟು. ಒಟ್ಟು ಸಂಖ್ಯೆಯೊಂದನ್ನೇ ಹಿಡಿದು ವಾದಿಸುವವರಿಗೆ ಇವೇ ಸರಿಯಾದ ಉತ್ತರ.