ಮಲೇರಿಯ, ರಕ್ತಹೀನತೆ ಮತ್ತು ಉತ್ಕರ್ಷಣರೋಧಕಗಳು

ಮಲೇರಿಯದಿಂದ ಆಸ್ಪತ್ರೆ ಸೇರಿದ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಅನೇಕ ವೇಳೆ ಮೂರು ಸಂಗತಿಗಳು ಒಟ್ಟಿಗೆ ಕಂಡುಬರುತ್ತವೆ. ಕೆಂಪು ರಕ್ತಕಣಗಳ ಒಳಗೆ ಪ್ಲಾಸ್ಮೋಡಿಯಂ ಎಂಬ ಪರಾವಲಂಬಿ ಇರುತ್ತದೆ, ಹೀಮೋಗ್ಲೋಬಿನ್ ಇಳಿದಿರುತ್ತದೆ, ಉತ್ಕರ್ಷಣರೋಧಕಗಳ ಮಟ್ಟವೂ ಕುಸಿದಿರುತ್ತದೆ. ಈ ಮೂರಕ್ಕೂ ಪರಸ್ಪರ ಸಂಬಂಧವಿದೆ. ಅದನ್ನು ಅರಿಯದೆ ‘ರಕ್ತ ಕಡಿಮೆಯಿದೆ, ಕಬ್ಬಿಣದ ಮಾತ್ರೆ ನುಂಗಿದರಾಯಿತು’ ಎಂದುಕೊಂಡರೆ ಕೆಲವೊಮ್ಮೆ ಅಪಾಯವೂ ಉಂಟು.

ಕೆಂಪುಕಣದೊಳಗೆ ನಡೆಯುವುದೇನು?

ಅನಾಫಿಲಿಸ್ ಹೆಣ್ಣು ಸೊಳ್ಳೆಯ ಕಡಿತದಿಂದ ದೇಹ ಸೇರಿದ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಬೆಳೆದು, ಬಳಿಕ ಕೆಂಪುಕಣಗಳನ್ನು ಹೊಗುತ್ತದೆ. ಅಲ್ಲಿ ಅದರ ಮುಖ್ಯ ಆಹಾರ ಹೀಮೋಗ್ಲೋಬಿನ್. ಗ್ಲೋಬಿನ್ ಎಂಬ ಪ್ರೋಟೀನ್ ಭಾಗವನ್ನು ಅದು ಜೀರ್ಣಿಸಿಕೊಳ್ಳುತ್ತದೆ. ಉಳಿಯುವ ಹೀಮ್ ಪರಾವಲಂಬಿಗೇ ವಿಷ. ಆದ್ದರಿಂದ ಅದನ್ನು ಹೀಮೋಜೊಯಿನ್ ಎಂಬ ಕಂದು ಹರಳುಗಳಾಗಿ ಕಟ್ಟಿಡುತ್ತದೆ. ಕ್ಲೋರೊಕ್ವಿನ್ ಔಷಧ ತಡೆಯುವುದು ಈ ಹರಳುಗಟ್ಟುವಿಕೆಯನ್ನೇ.

ಹೀಮ್ ಬಿಡುಗಡೆಯಾದಾಗ ಅದರಲ್ಲಿನ ಕಬ್ಬಿಣ ಫೆರಸ್ ಸ್ಥಿತಿಯಿಂದ ಫೆರಿಕ್ ಸ್ಥಿತಿಗೆ ಬರುತ್ತದೆ. ಅದು ಕಳೆದುಕೊಂಡ ಎಲೆಕ್ಟ್ರಾನನ್ನು ಆಕ್ಸಿಜನ್ ಪಡೆದು ಸೂಪರ್ ಆಕ್ಸೈಡ್ ಆಗುತ್ತದೆ. ಇದರಿಂದ ಹೈಡ್ರೊಜನ್ ಪೆರಾಕ್ಸೈಡ್, ಅದರಿಂದ ಕಬ್ಬಿಣದ ನೆರವಿನಿಂದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಉಂಟಾಗುತ್ತವೆ. ಇವು ಕಣಪೊರೆಯ ಕೊಬ್ಬನ್ನು ಉತ್ಕರ್ಷಿಸಿ ಕೆಡಿಸುತ್ತವೆ. ಹಳೆಯ ಎಣ್ಣೆ ಕಮಟು ಹಿಡಿಯುವುದೂ ಇದೇ ಬಗೆಯ ಕ್ರಿಯೆ. ಹೀಗೆ ಕೆಟ್ಟ ಕೊಬ್ಬಿನಿಂದ ಹುಟ್ಟುವ ಮ್ಯಾಲಾನ್‌ಡೈಆಲ್ಡಿಹೈಡ್ ಎಂಬ ವಸ್ತುವನ್ನು ಅಳೆದು ಹಾನಿಯನ್ನು ಅಂದಾಜಿಸುತ್ತಾರೆ.

ದೇಹದಲ್ಲಿ ಇದಕ್ಕೆ ತಡೆಯೂ ಇದೆ. ಸೂಪರ್ ಆಕ್ಸೈಡ್ ಡಿಸ್‌ಮ್ಯುಟೇಸ್, ಕೆಟಲೇಸ್ ಮುಂತಾದ ಕಿಣ್ವಗಳು, ಗ್ಲುಟಾಥಿಯೋನ್, ‘ಸಿ’ ಮತ್ತು ‘ಇ’ ವಿಟಮಿನ್‌ಗಳು ಉತ್ಕರ್ಷಣರೋಧಕಗಳು. ಮಲೇರಿಯ ರೋಗಿಗಳಲ್ಲಿ ಸಾಮಾನ್ಯವಾಗಿ ಮ್ಯಾಲಾನ್‌ಡೈಆಲ್ಡಿಹೈಡ್ ಏರಿದ್ದು, ಗ್ಲುಟಾಥಿಯೋನ್ ಮತ್ತು ಈ ವಿಟಮಿನ್‌ಗಳು ಇಳಿದಿರುತ್ತವೆ.

ರಕ್ತಹೀನತೆ ಏಕೆ?

ಪರಾವಲಂಬಿಗಳು ಹೊರಬರುವಾಗ ಒಡೆಯುವ ಕಣಗಳಷ್ಟೇ ಇದಕ್ಕೆ ಕಾರಣವಲ್ಲ. ಫಾಲ್ಸಿಪಾರಂ ಮಲೇರಿಯದಲ್ಲಿ ಸೋಂಕು ತಗಲಿದ ಒಂದು ಕಣಕ್ಕೆ ಸೋಂಕಿಲ್ಲದ ಸುಮಾರು 8 ಕಣಗಳು ನಾಶವಾಗುತ್ತವೆಂಬ ಅಂದಾಜಿದೆ. ಉತ್ಕರ್ಷಣದಿಂದ ಪೊರೆ ಪೆಡಸಾದ ಕಣಗಳನ್ನು ಗುಲ್ಮ ಹಿಡಿದು ನಾಶಮಾಡುತ್ತದೆ. ಅಸ್ಥಿಮಜ್ಜೆಯಲ್ಲಿ ಹೊಸ ಕಣಗಳ ತಯಾರಿಕೆಯೂ ಕುಂಠಿತವಾಗುತ್ತದೆ. ಜೊತೆಗೆ, ಸೋಂಕಿನ ಸಮಯದಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಇದು ಕರುಳಿನಿಂದ ಕಬ್ಬಿಣ ಹೀರಿಕೆಯನ್ನು ತಗ್ಗಿಸಿ, ದೇಹದಲ್ಲಿರುವ ಕಬ್ಬಿಣವನ್ನು ಸಂಗ್ರಹದಲ್ಲೇ ತಡೆಹಿಡಿಯುತ್ತದೆ. ಅಂದರೆ ಕಬ್ಬಿಣ ಇದ್ದೂ ಬಳಕೆಗೆ ಸಿಗದು.

ಪೆಂಬಾ ಕಲಿಸಿದ ಪಾಠ

ತಾಂಜಾನಿಯದ ಪೆಂಬಾ ದ್ವೀಪದಲ್ಲಿ ಮಲೇರಿಯ ತೀವ್ರವಾಗಿತ್ತು. ಅಲ್ಲಿ ಎಳೆಯ ಮಕ್ಕಳಿಗೆ ದಿನವೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕಬ್ಬಿಣ ಪಡೆದ ಮಕ್ಕಳಲ್ಲಿ ಸಾವು ಅಥವಾ ಆಸ್ಪತ್ರೆ ಸೇರುವಂಥ ಕಾಯಿಲೆ ಶೇಕಡ 12ರಷ್ಟು ಹೆಚ್ಚಿತ್ತು. ಆದರೆ ಮಲೇರಿಯವನ್ನು ಪತ್ತೆಹಚ್ಚಿ ಚಿಕಿತ್ಸೆ ನೀಡುತ್ತಿದ್ದ ಉಪಗುಂಪಿನಲ್ಲಿ, ನಿಜವಾಗಿ ಕಬ್ಬಿಣದ ಕೊರತೆಯಿದ್ದ ಮಕ್ಕಳಿಗೆ ಪ್ರಯೋಜನವೇ ಆಗಿತ್ತು. ಮಲೇರಿಯ ಪೀಡಿತ ಪ್ರದೇಶಗಳಲ್ಲಿ ಕಬ್ಬಿಣ ನೀಡುವುದರ ಜೊತೆಗೇ ಮಲೇರಿಯ ತಡೆ, ಪತ್ತೆ, ಚಿಕಿತ್ಸೆಗಳೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಒಂದು ಕಿಣ್ವದ ಕೊರತೆ

ವೈವ್ಯಾಕ್ಸ್ ಮಲೇರಿಯದಲ್ಲಿ ಪರಾವಲಂಬಿ ಯಕೃತ್ತಿನಲ್ಲಿ ಅಡಗಿದ್ದು ಮರುಕಳಿಸುತ್ತದೆ. ಅದನ್ನು ತೊಡೆಯಲು ಪ್ರಿಮಾಕ್ವಿನ್ ಕೊಡುತ್ತಾರೆ. ಆದರೆ ಈ ಔಷಧವೂ ಕೆಂಪುಕಣಗಳಲ್ಲಿ ಉತ್ಕರ್ಷಣ ಉಂಟುಮಾಡುತ್ತದೆ. ಗ್ಲುಟಾಥಿಯೋನನ್ನು ಮತ್ತೆ ಮತ್ತೆ ಕ್ರಿಯಾಶೀಲಗೊಳಿಸಲು ಕೆಂಪುಕಣಕ್ಕೆ ಜಿ6ಪಿಡಿ ಎಂಬ ಕಿಣ್ವ ಅಗತ್ಯ. ಇದರ ಕೊರತೆಯಿರುವವರಲ್ಲಿ ಪ್ರಿಮಾಕ್ವಿನ್‌ನಿಂದ ಕೆಂಪುಕಣಗಳು ಏಕಾಏಕಿ ಒಡೆದು, ಮೂತ್ರ ಕಪ್ಪಾಗಿ, ತೀವ್ರ ರಕ್ತಹೀನತೆ ಉಂಟಾಗಬಹುದು. ಈ ಕಾರಣ ಪತ್ತೆಯಾದದ್ದು 1956ರಲ್ಲಿ. ಕಿಣ್ವದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಈ ಕೊರತೆ ಗಂಡಸರಲ್ಲಿ ಹೆಚ್ಚು. ಮಲೇರಿಯ ಹಿಂದಿನಿಂದಲೂ ಇದ್ದ ನಾಡುಗಳಲ್ಲೇ ಇದು ಹೆಚ್ಚಾಗಿ ಕಾಣುತ್ತದೆ. ತೀವ್ರ ಮಲೇರಿಯದಿಂದ ಇದು ಒಂದಿಷ್ಟು ರಕ್ಷಣೆ ನೀಡಿರಬೇಕೆಂಬುದು ವಿಜ್ಞಾನಿಗಳ ವಿವರಣೆ.

ಉತ್ಕರ್ಷಣರೋಧಕ ಮಾತ್ರೆ ಬೇಕೇ?

ರೋಗಿಯಲ್ಲಿ ಒಂದು ವಸ್ತು ಕಡಿಮೆಯಿದೆ ಎಂದಮಾತ್ರಕ್ಕೆ ಅದರ ಕೊರತೆಯೇ ರೋಗಕ್ಕೆ ಕಾರಣವೆನ್ನಲಾಗದು. ಅದು ರೋಗದ ಪರಿಣಾಮವೂ ಆಗಿರಬಹುದು. ಜ್ವರದಲ್ಲಿ ಊಟ ಬಿಟ್ಟದ್ದರಿಂದಲೂ ಇಳಿದಿರಬಹುದು. ‘ಇ’ ವಿಟಮಿನ್ ಕೊರತೆಯ ಆಹಾರ ತಿಂದ ಇಲಿಗಳಲ್ಲಿ ಮಲೇರಿಯ ಪರಾವಲಂಬಿ ಸರಿಯಾಗಿ ಬೆಳೆಯಲಿಲ್ಲ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಆರ್ಟಿಮಿಸಿನಿನ್ ಔಷಧ ಪರಾವಲಂಬಿಯನ್ನು ಕೊಲ್ಲುವುದೂ ಹೀಮ್‌ನ ಸಂಪರ್ಕದಲ್ಲಿ ರ್‍ಯಾಡಿಕಲ್‌ಗಳನ್ನು ಹುಟ್ಟಿಸಿಯೇ. ಅಂದರೆ ಉತ್ಕರ್ಷಣ ರೋಗಿಗೆ ಮಾತ್ರವಲ್ಲ, ಪರಾವಲಂಬಿಗೂ ಹಾನಿಕರ. ಆದ್ದರಿಂದ ಉತ್ಕರ್ಷಣರೋಧಕ ಮಾತ್ರೆಗಳನ್ನು ಮಲೇರಿಯಕ್ಕೆ ಮದ್ದೆಂದು ತಾವಾಗಿ ನುಂಗುವುದು ಸಲ್ಲದು.

ಜ್ವರ ಬಂದಾಗ ರಕ್ತಪರೀಕ್ಷೆ, ಪೂರ್ಣ ಅವಧಿಯ ಚಿಕಿತ್ಸೆ, ಪ್ರಿಮಾಕ್ವಿನ್‌ಗೆ ಮೊದಲು ಸಾಧ್ಯವಿದ್ದಲ್ಲೆಲ್ಲ ಜಿ6ಪಿಡಿ ಪರೀಕ್ಷೆ, ಕಬ್ಬಿಣದ ವಿಷಯದಲ್ಲಿ ವೈದ್ಯರ ಸಲಹೆ, ಬಳಿಕ ಸೊಪ್ಪು, ಕಾಳು, ಹಣ್ಣುಗಳಿರುವ ಊಟ: ಇದು ಸರಿಯಾದ ಕ್ರಮ.