ಆಂಡ್ರ್ಯೂ ಮೈನಾರ್ಸ್ಕಿ

ಆಂಡ್ರ್ಯೂ ಚಾರ್ಲ್ಸ್ ಮೈನಾರ್ಸ್ಕಿ (೧೪ ಅಕ್ಟೋಬರ್ ೧೯೧೬ – ೧೩ ಜೂನ್ ೧೯೪೪) ಎರಡನೆಯ ಮಹಾಯುದ್ಧದಲ್ಲಿ ಮಡಿದ ಕೆನಡಾ ದೇಶದ ವಾಯುಯೋಧ. ಉರಿಯುತ್ತಿದ್ದ ಬಾಂಬರ್ ವಿಮಾನದಲ್ಲಿ ಸಿಲುಕಿದ್ದ ಸಹಯೋಧನನ್ನು ಬಿಡಿಸಲು ಯತ್ನಿಸಿ ಪ್ರಾಣ ತೆತ್ತ ಇವರಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ನೀಡಲಾಯಿತು. ಇವರ ಸಮಾಧಿ ಫ್ರಾನ್ಸ್‌ನ ಮೆಯಾರಿಕೂರ್ ಗ್ರಾಮದಲ್ಲಿದೆ.

ಆರಂಭಿಕ ಜೀವನ

ಮೈನಾರ್ಸ್ಕಿಯವರು ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ, ಪೋಲೆಂಡ್‌ನಿಂದ ವಲಸೆ ಬಂದ ಕುಟುಂಬದಲ್ಲಿ ಜನಿಸಿದರು. ಹದಿನಾರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರು ಸಂಸಾರಕ್ಕೆ ನೆರವಾಗಲು ಚರ್ಮದ ಕೆಲಸಕ್ಕೆ ಸೇರಿದರು. ೧೯೪೧ರಲ್ಲಿ ರಾಯಲ್ ಕೆನೇಡಿಯನ್ ವಾಯುಪಡೆಯನ್ನು ಸೇರಿ ಗನ್ನರ್ ಆಗಿ ತರಬೇತಿ ಹೊಂದಿದರು. ೧೯೪೪ರಲ್ಲಿ ಇಂಗ್ಲೆಂಡ್‌ನ ಮಿಡ್ಲ್‌ಟನ್ ಸೇಂಟ್ ಜಾರ್ಜ್ ನೆಲೆಯಲ್ಲಿದ್ದ ೪೧೯ನೇ ಸ್ಕ್ವಾಡ್ರನ್‌ಗೆ ನಿಯುಕ್ತರಾದರು.

ಕೊನೆಯ ಹಾರಾಟ

ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಒಂದು ವಾರವೂ ಕಳೆದಿರಲಿಲ್ಲ. ಜರ್ಮನ್ ಸೈನ್ಯದ ಸಾಗಾಟವನ್ನು ತಡೆಯುವುದಕ್ಕಾಗಿ ಉತ್ತರ ಫ್ರಾನ್ಸ್‌ನ ರೈಲು ಕೇಂದ್ರಗಳ ಮೇಲೆ ಬಾಂಬ್ ದಾಳಿ ನಡೆಯುತ್ತಿತ್ತು. ೧೯೪೪ರ ಜೂನ್ ೧೨ರ ರಾತ್ರಿ ಮೈನಾರ್ಸ್ಕಿ ಮತ್ತು ಆರು ಮಂದಿ ಸಂಗಡಿಗರಿದ್ದ ಲ್ಯಾಂಕಾಸ್ಟರ್ ವಿಮಾನವು ಕಾಂಬ್ರೇ ರೈಲ್ವೆ ಯಾರ್ಡಿನತ್ತ ಹೊರಟಿತು. ಜರ್ಮನಿಯ ಯುದ್ಧವಿಮಾನದ ಗುಂಡಿನೇಟಿಗೆ ಅದರ ಎಡಭಾಗದ ಎರಡೂ ಎಂಜಿನ್‌ಗಳು ನಿಂತುಹೋಗಿ, ಒಡಲಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಎಲ್ಲರೂ ಹೊರಕ್ಕೆ ಧುಮುಕುವಂತೆ ಪೈಲಟ್ ಆರ್ಟ್ ಡಿ ಬ್ರೇನ್ ಆಜ್ಞಾಪಿಸಿದರು.

ಲ್ಯಾಂಕಾಸ್ಟರ್‌ನ ಬಾಲದಲ್ಲಿ ಕೂರುವ ಗನ್ನರನು ಹೊರಬರಬೇಕಾದರೆ ತಾನು ಕುಳಿತ ಟರೆಟ್ಟನ್ನು ತಿರುಗಿಸಿ ಬಾಗಿಲಿಗೆ ಸರಿಹೊಂದಿಸಬೇಕು. ಎಂಜಿನ್ ನಿಂತಾಗ ಅದನ್ನು ತಿರುಗಿಸುವ ಹೈಡ್ರಾಲಿಕ್ ಶಕ್ತಿಯೂ ನಿಂತಿತು. ಕೈಯಿಂದ ತಿರುಗಿಸುವ ಹಿಡಿಯೂ ಮುರಿಯಿತು. ಹೀಗೆ ಪ್ಯಾಟ್ ಬ್ರೋಫಿ ಒಳಗೇ ಸಿಲುಕಿದರು.

ಹೊರಕ್ಕೆ ಜಿಗಿಯಲು ಸಿದ್ಧರಾಗಿದ್ದ ಮೈನಾರ್ಸ್ಕಿ ಇದನ್ನು ಕಂಡು ಜ್ವಾಲೆಯ ನಡುವೆಯೇ ಹಿಂದಕ್ಕೆ ಸಾಗಿದರು. ಕೊಡಲಿಯಿಂದಲೂ ಬರಿಗೈಯಿಂದಲೂ ಟರೆಟ್ಟನ್ನು ಕದಲಿಸಲು ಹೆಣಗಿದರು. ಅವರ ಉಡುಪಿಗೂ ಪ್ಯಾರಾಚೂಟಿಗೂ ಬೆಂಕಿ ತಗುಲಿತ್ತು. ಪ್ರಯತ್ನ ನಿಷ್ಫಲವೆಂದರಿತ ಬ್ರೋಫಿ, ಹೊರಟುಹೋಗುವಂತೆ ಸನ್ನೆ ಮಾಡಿದರು. ಮೈನಾರ್ಸ್ಕಿ ದ್ವಾರದ ಬಳಿ ನಿಂತು ಗೆಳೆಯನಿಗೆ ಸೆಲ್ಯೂಟ್ ಸಲ್ಲಿಸಿ ಧುಮುಕಿದರು. ನೆಲ ಸೇರಿದಾಗ ಫ್ರೆಂಚ್ ಜನರ ಕಣ್ಣಿಗೆ ಬಿದ್ದರಾದರೂ ತೀವ್ರ ಸುಟ್ಟಗಾಯಗಳಿಂದ ಅಸುನೀಗಿದರು. ಆಗ ಅವರಿಗೆ ೨೭ ವರ್ಷ.

ವಿಕ್ಟೋರಿಯಾ ಕ್ರಾಸ್

ವಿಮಾನವು ನೆಲಕ್ಕಪ್ಪಳಿಸಿದಾಗ ಟರೆಟ್ಟಿನಿಂದ ಹೊರಕ್ಕೆ ಎಸೆಯಲ್ಪಟ್ಟ ಬ್ರೋಫಿ ಅಚ್ಚರಿಯೆಂಬಂತೆ ಬದುಕುಳಿದರು. ಮೈನಾರ್ಸ್ಕಿಯವರ ಕೊನೆಯ ಕ್ಷಣಗಳಿಗೆ ವಿಮಾನದೊಳಗೆ ಅವರೊಬ್ಬರೇ ಸಾಕ್ಷಿ. ಅವರು ಉಳಿಯದೇ ಹೋಗಿದ್ದರೆ ಈ ಸಾಹಸವು ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಹೇಳಿಕೆಯ ಆಧಾರದ ಮೇಲೆ ೧೯೪೬ರ ಅಕ್ಟೋಬರ್‌ನಲ್ಲಿ ಪದಕವನ್ನು ಘೋಷಿಸಲಾಯಿತು. ಏಳು ಮಂದಿಯಲ್ಲಿ ಮೃತರಾದವರು ಮೈನಾರ್ಸ್ಕಿ ಒಬ್ಬರೇ.

ವಿದೇಶದಲ್ಲಿ ಸಮಾಧಿ

ಬ್ರಿಟಿಷ್ ಸಾಮ್ರಾಜ್ಯದ ಮೃತ ಯೋಧರ ಸಮಾಧಿಗಳ ರಕ್ಷಣೆಗೆ ೧೯೧೭ರಲ್ಲಿ ಆಯೋಗವೊಂದು ಸ್ಥಾಪನೆಯಾಯಿತು. ಇಂದು ಅದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೆಂದು ಪ್ರಸಿದ್ಧವಾಗಿದೆ. ಎರಡೂ ಮಹಾಯುದ್ಧಗಳಲ್ಲಿ ಪಾಲಿಸಿದ ನಿಯಮದಂತೆ, ಹೊರನಾಡಿನಲ್ಲಿ ಮಡಿದವರ ದೇಹವನ್ನು ತಾಯ್ನಾಡಿಗೆ ಒಯ್ಯುತ್ತಿರಲಿಲ್ಲ. ಅಧಿಕಾರಿಗೂ ಸಾಮಾನ್ಯ ಸೈನಿಕನಿಗೂ ಒಂದೇ ಬಗೆಯ ಸಮಾಧಿಶಿಲೆ. ಬಾಂಬರ್ ಕಮಾಂಡ್‌ನ ಸುಮಾರು ೧,೨೫,೦೦೦ ವಿಮಾನಯೋಧರಲ್ಲಿ ೫೫,೦೦೦ಕ್ಕೂ ಹೆಚ್ಚು ಮಂದಿ ಮಡಿದರು. ಸಮಾಧಿಯೇ ಇಲ್ಲದ ವಾಯುಯೋಧರ ಹೆಸರುಗಳನ್ನು ಇಂಗ್ಲೆಂಡ್‌ನ ರನ್ನಿಮೀಡ್ ಸ್ಮಾರಕದಲ್ಲಿ ಕೆತ್ತಲಾಗಿದೆ.

ಸ್ಮರಣೆ

ವಿನಿಪೆಗ್‌ನ ಒಂದು ಶಾಲೆಗೆ ಮೈನಾರ್ಸ್ಕಿಯವರ ಹೆಸರನ್ನಿಡಲಾಗಿದೆ. ಅವರು ಕೊನೆಯ ಬಾರಿಗೆ ಹಾರಿ ಹೊರಟ ಮಿಡ್ಲ್‌ಟನ್ ಸೇಂಟ್ ಜಾರ್ಜ್ ನೆಲೆಯಲ್ಲಿ ೨೦೦೫ರಲ್ಲಿ ಅವರ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. ಕೆನಡಾದ ಹ್ಯಾಮಿಲ್ಟನ್‌ನ ವಸ್ತುಸಂಗ್ರಹಾಲಯವೊಂದು ೧೯೮೮ರಲ್ಲಿ ಹಾರುವ ಸ್ಥಿತಿಗೆ ತಂದ ಲ್ಯಾಂಕಾಸ್ಟರ್ ವಿಮಾನಕ್ಕೆ ಮೈನಾರ್ಸ್ಕಿಯವರ ವಿಮಾನದ ಗುರುತಿನ ಅಕ್ಷರಗಳನ್ನೇ ಬರೆಯಲಾಗಿದೆ. ೨೦೧೪ರಲ್ಲಿ ಈ ವಿಮಾನವು ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರಿಟನ್ನಿಗೆ ಹೋಗಿ, ಅಲ್ಲಿನ ವಾಯುಪಡೆಯ ಲ್ಯಾಂಕಾಸ್ಟರ್‌ನೊಂದಿಗೆ ಜೊತೆಯಾಗಿ ಹಾರಾಟ ನಡೆಸಿತು.