ಶಿಲುಬೆಯ ಸಾವು, ಮೂರನೆಯ ದಿನದ ಬೆಳಗು

ಕ್ರೈಸ್ತರ ನಂಬಿಕೆಗೆ ಆಧಾರ ಒಂದು ಸಾವು, ಮತ್ತು ಆ ಸಾವಿಗೆ ಗೆಲುವು ಸಿಗಲಿಲ್ಲ ಎಂಬ ಸಾಕ್ಷ್ಯ. ಯೇಸುಕ್ರಿಸ್ತರು ಶಿಲುಬೆಯ ಮೇಲೆ ಪ್ರಾಣ ಬಿಟ್ಟರು, ಅವರನ್ನು ಸಮಾಧಿ ಮಾಡಲಾಯಿತು, ಮೂರನೆಯ ದಿನ ಅವರು ಎದ್ದರು, ತಮ್ಮವರಿಗೆ ಕಾಣಿಸಿಕೊಂಡರು. ಸಂತ ಪೌಲರು ಸುಮಾರು ಕ್ರಿ.ಶ. 54-55ರಲ್ಲಿ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಈ ನಾಲ್ಕು ಮಾತುಗಳನ್ನು ಒಂದರ ಹಿಂದೆ ಒಂದಾಗಿ ಇಟ್ಟಿದ್ದಾರೆ. ತಾವು ಇತರರಿಂದ ಪಡೆದದ್ದನ್ನೇ ಒಪ್ಪಿಸುತ್ತಿರುವುದಾಗಿಯೂ ಅಲ್ಲಿ ಹೇಳಿಕೊಂಡಿದ್ದಾರೆ. ಅಂದರೆ ನಾಲ್ಕು ಶುಭಸಂದೇಶಗಳು ಬರಹಕ್ಕೆ ಇಳಿಯುವ ಮೊದಲೇ ಈ ಮಾತು ಬಾಯಿಂದ ಬಾಯಿಗೆ ಸಾಗುತ್ತಿತ್ತು. ಕ್ರಿಸ್ತರು ಎದ್ದಿಲ್ಲವಾದರೆ ಬೋಧನೆಯೂ ಬರಿದು, ನಂಬಿಕೆಯೂ ಬರಿದು ಎಂಬುದು ಪೌಲರ ನಿಲುವು.

ಹೀಗಾಗಿ ಶುಭ ಶುಕ್ರವಾರ ಮತ್ತು ಪುನರುತ್ಥಾನದ ಭಾನುವಾರ ಬೇರೆಬೇರೆ ಹಬ್ಬಗಳಲ್ಲ. ಎರಡೂ ಸೇರಿ ಒಂದು ಹಬ್ಬ. ಅದರ ಹಳೆಯ ಹೆಸರು ಹೀಬ್ರೂ ಭಾಷೆಯ 'ಪೆಸಹ್'. ಈಜಿಪ್ಟಿನ ದಾಸ್ಯದಿಂದ ಇಸ್ರೇಲರು ಬಿಡುಗಡೆಯಾದ ರಾತ್ರಿಯ ನೆನಪು ಅದು. ಗ್ರೀಕಿನಲ್ಲಿ ಅದು 'ಪಾಸ್ಖ' ಆಯಿತು, ಕನ್ನಡದಲ್ಲಿ 'ಪಾಸ್ಕ'. ಮಂಗಳೂರಿನ ಕೊಂಕಣಿಯಲ್ಲಿ 'ಪಾಸ್ಕಾಂಚೆಂ ಫೆಸ್ತ್' ಎನ್ನುತ್ತಾರೆ. ಮಲಯಾಳಿಗಳ ಬಾಯಲ್ಲಿ ಪವಿತ್ರ ಗುರುವಾರಕ್ಕೆ 'ಪೆಸಹಾ' ಎಂಬ ಹೆಸರು ಉಳಿದಿದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಚರ್ಚುಗಳ ಅಂಗಳದಲ್ಲಿ ಈ ಹೆಸರುಗಳೆಲ್ಲ ಕಿವಿಗೆ ಬೀಳುತ್ತವೆ. ಮರಾಠಿ ಮಾತಾಡುವ ಈಸ್ಟ್ ಇಂಡಿಯನ್ ಕ್ರೈಸ್ತರು ಈ ನೆಲದ ಮೂಲನಿವಾಸಿಗಳು. ಗೋವಾ ಮತ್ತು ದಕ್ಷಿಣ ಕನ್ನಡದ ಕೊಂಕಣಿಗರು, ಕೇರಳದವರು, ತಮಿಳರು ಕೆಲಸ ಹುಡುಕಿಕೊಂಡು ಬಂದು ನೆಲೆಸಿದವರು.

ಶಿಲುಬೆಯ ಅವಮಾನ

ಯೇಸುವಿಗೆ ಮರಣದಂಡನೆ ಆದದ್ದು ಜೆರುಸಲೇಮಿನಲ್ಲಿ, ಪಾಸ್ಕ ಹಬ್ಬದ ಹೊತ್ತಿಗೆ. ಆಗ ಯೂದಾಯದ ರೋಮನ್ ಅಧಿಪತಿಯಾಗಿದ್ದವನು ಪೊಂತಿಯ ಪಿಲಾತ (ಕ್ರಿ.ಶ. 26-36). ವರ್ಷ 30 ಅಥವಾ 33 ಎಂಬುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಎರಡನೆಯ ಶತಮಾನದ ಆರಂಭದಲ್ಲಿ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಈ ಮರಣದಂಡನೆಯನ್ನು ಪ್ರಸ್ತಾಪಿಸಿದ್ದಾನೆ.

ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆಯಾಗಿತ್ತು. ಪ್ರಾಣ ತೆಗೆಯುವುದರ ಜೊತೆಗೆ ಮಾನ ತೆಗೆಯುವುದೂ ಅದರ ಉದ್ದೇಶ. ಜನ ಓಡಾಡುವ ದಾರಿಯ ಬದಿಯಲ್ಲಿ, ಬಟ್ಟೆ ಕಿತ್ತು, ಎಲ್ಲರೂ ನೋಡುವಂತೆ ತೂಗುಹಾಕುತ್ತಿದ್ದರು. ಅಂಥ ಸಾವು ಕಂಡವನನ್ನು ದೇವರ ಅಭಿಷಿಕ್ತ ಎನ್ನುವುದು ಅಂದಿನ ಕೇಳುಗರಿಗೆ ಹುಚ್ಚುಮಾತಾಗಿ ಕೇಳಿತ್ತು. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋದರು. ಪೇತ್ರನು ಯೇಸುವಿನ ಗುರುತೇ ಇಲ್ಲವೆಂದು ಮೂರು ಸಲ ಹೇಳಿದ. ಶುಭಸಂದೇಶಗಳು ಈ ಹೇಡಿತನವನ್ನು ಮುಚ್ಚಿಡುವುದಿಲ್ಲ.

ಸಮಾಧಿ ಬರಿದಾಗಿರುವುದನ್ನು ಮೊದಲು ಕಂಡವರು ಹೆಂಗಸರು. ನಾಲ್ಕೂ ಶುಭಸಂದೇಶಗಳಲ್ಲಿ ಮಗ್ದಲದ ಮರಿಯಳ ಹೆಸರಿದೆ. ಹೆಂಗಸರ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದ ಕಾಲದಲ್ಲಿ ಅವರನ್ನೇ ಮೊದಲ ಸಾಕ್ಷಿಗಳಾಗಿ ನಿಲ್ಲಿಸಿದ್ದು ಕಟ್ಟುಕಥೆಯ ಲಕ್ಷಣವಲ್ಲ ಎಂದು ವಿಶ್ವಾಸಿಗಳು ವಾದಿಸುತ್ತಾರೆ. ಓಡಿಹೋಗಿದ್ದ ಶಿಷ್ಯರು ಕೆಲವೇ ವಾರಗಳಲ್ಲಿ ಅದೇ ಊರಿನ ಬೀದಿಯಲ್ಲಿ ನಿಂತು ಬಹಿರಂಗವಾಗಿ ಮಾತಾಡಿದ್ದನ್ನೂ ಅವರು ಇದರ ಜೊತೆಗೆ ಎತ್ತಿ ತೋರಿಸುತ್ತಾರೆ.

ಆ ಸಾವು ಯಾತಕ್ಕೆ?

ಕ್ರಿಸ್ತರ ಮರಣ 'ನಮಗಾಗಿ' ಎಂಬುದರಲ್ಲಿ ಎಲ್ಲ ಕ್ರೈಸ್ತ ಪಂಗಡಗಳೂ ಒಂದೇ. ಹೇಗೆ ನಮಗಾಗಿ ಎಂಬುದಕ್ಕೆ ಬೈಬಲ್ ಒಂದೇ ವ್ಯಾಖ್ಯೆ ಕೊಡದೆ ಹಲವು ಚಿತ್ರಗಳನ್ನು ಮುಂದಿಡುತ್ತದೆ. ಪಾಸ್ಕದ ಕುರಿಮರಿ ದಾಸ್ಯದಿಂದ ಬಿಡುಗಡೆಯ ಚಿತ್ರ. ದೇವಾಲಯದ ಬಲಿ ಪಾಪ ತೊಳೆಯುವ ಚಿತ್ರ. ಕನ್ನಡ ಸತ್ಯವೇದ 'ಈಡು' ಎನ್ನುವುದು ಸೆರೆಯಾಳನ್ನು ಬಿಡಿಸಿಕೊಳ್ಳಲು ತೆರುವ ಬೆಲೆಯನ್ನು. ಮುನಿದು ದೂರವಾದವರನ್ನು ಮತ್ತೆ ಕೂಡಿಸುವ ಸಂಧಾನ ಇನ್ನೊಂದು ಚಿತ್ರ.

ಕಾಲಕಾಲಕ್ಕೆ ಚಿಂತಕರು ಇವುಗಳಲ್ಲಿ ಒಂದೊಂದನ್ನು ಮುನ್ನೆಲೆಗೆ ತಂದರು. ಆದಿ ಸಭೆಯ ಗುರುಗಳಿಗೆ ಶಿಲುಬೆ ಎಂದರೆ ಸಾವು ಮತ್ತು ಕೇಡಿನ ಮೇಲೆ ಗಳಿಸಿದ ಗೆಲುವು. 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್ ಅದನ್ನು ಮನುಷ್ಯನಿಂದ ತೀರಿಸಲಾಗದ ಋಣವನ್ನು ದೇವರೇ ಮನುಷ್ಯನಾಗಿ ತೀರಿಸಿದ್ದು ಎಂದು ವಿವರಿಸಿದರು. ಮುಂದಿನ ತಲೆಮಾರಿನ ಅಬೆಲಾರ್ಡ್‌ಗೆ ಅದು ಕಲ್ಲುಮನಸ್ಸನ್ನೂ ಕರಗಿಸುವ ಪ್ರೀತಿಯ ಪ್ರಕಟಣೆಯಾಗಿ ಕಂಡಿತು. ಮಾರ್ಟಿನ್ ಲೂಥರ್ ಮತ್ತು ಕ್ಯಾಲ್ವಿನ್ ಪಾಪಿಯ ಸ್ಥಾನದಲ್ಲಿ ಕ್ರಿಸ್ತರೇ ನಿಂತು ತೀರ್ಪನ್ನು ಹೊತ್ತುಕೊಂಡರು ಎಂಬುದಕ್ಕೆ ಒತ್ತು ಕೊಟ್ಟರು.

ಈ ವಿವರಣೆಗಳ ನಡುವೆ ತಿಕ್ಕಾಟವಿದೆ. ಆದರೂ ಬುಡದಲ್ಲಿರುವ ಮಾತು ಒಂದೇ. ಮನುಷ್ಯರು ಕೊಟ್ಟ ಹಿಂಸೆಗೆ ದೇವರು ಹಿಂಸೆಯ ಉತ್ತರ ಕೊಡಲಿಲ್ಲ. ಲೂಕನ ಶುಭಸಂದೇಶದಲ್ಲಿ ಯೇಸು ತಮ್ಮನ್ನು ಕೊಲ್ಲುತ್ತಿದ್ದವರಿಗಾಗಿಯೇ ಕ್ಷಮೆ ಬೇಡುತ್ತಾರೆ. ಶುಭ ಶುಕ್ರವಾರ ಉಪವಾಸವಿದ್ದು, ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ ಚರ್ಚಿನಲ್ಲಿ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುವ ಭಕ್ತರು ಈ ಕ್ಷಮೆಯ ಮುಂದೆ ತಲೆಬಾಗುತ್ತಾರೆ.

ಮೊದಲ ತೆನೆ

ಪುನರುತ್ಥಾನ ಎಂದರೆ ಸತ್ತವನು ಮತ್ತೆ ಮೊದಲಿನಂತೆಯೇ ಬದುಕಿ ಬರುವುದಲ್ಲ. ಯೇಸು ಎಬ್ಬಿಸಿದ ಲಾಜರ ಮುಂದೊಂದು ದಿನ ಮತ್ತೆ ಸಾಯಬೇಕಿತ್ತು. ಎದ್ದ ಕ್ರಿಸ್ತರಿಗೆ ಇನ್ನು ಸಾವಿಲ್ಲ ಎಂಬುದು ನಂಬಿಕೆ. ಅವರು ಭೂತವೂ ಅಲ್ಲ: ಶಿಷ್ಯರ ಎದುರು ಮೀನು ತಿನ್ನುತ್ತಾರೆ, ಎಮ್ಮಾವುವಿನ ಮನೆಯಲ್ಲಿ ರೊಟ್ಟಿ ಮುರಿಯುತ್ತಾರೆ. ಆದರೆ ದಾರಿಯಲ್ಲಿ ಜೊತೆಗೆ ನಡೆದವರಿಗೆ ಗುರುತು ಸಿಗುವುದಿಲ್ಲ, ಮುಚ್ಚಿದ ಬಾಗಿಲು ಅವರನ್ನು ತಡೆಯುವುದಿಲ್ಲ. ದೇಹ ಅದೇ, ಅದರ ಬಗೆ ಹೊಸತು.

ಇದನ್ನು ತಿಳಿಸಲು ಪೌಲರು ಹೊಲದ ಮಾತನ್ನೇ ಎತ್ತಿಕೊಂಡರು. ಬಿತ್ತಿದ ಕಾಳು ಸತ್ತಲ್ಲದೆ ಮೊಳೆಯುವುದಿಲ್ಲ. ಎದ್ದ ಕ್ರಿಸ್ತರು ಸತ್ತವರಲ್ಲಿ 'ಪ್ರಥಮಫಲ'. ದಕ್ಷಿಣ ಕನ್ನಡದ ಕ್ರೈಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಂದು ಅವರು ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯನ್ನು ಊಟದಲ್ಲಿ ಸೇರಿಸುತ್ತಾರೆ. ಗದ್ದೆಯಿಲ್ಲದ ಥಾಣೆ, ಡೊಂಬಿವಲಿಯ ಫ್ಲಾಟುಗಳಿಗೂ ಆ ಹಬ್ಬ ಬಂದಿದೆ. ಮೊದಲ ತೆನೆ ಕೈಗೆ ಬಂದಿದೆ ಎಂದರೆ ಇಡೀ ಗದ್ದೆಯ ಬೆಳೆ ಹಿಂದೆಯೇ ಇದೆ ಎಂದರ್ಥ. ಕ್ರಿಸ್ತರು ಎದ್ದಿರುವುದರಿಂದ ಅವರಿಗೆ ಸೇರಿದವರೆಲ್ಲರೂ ಏಳುವರು ಎಂಬುದು ಇದೇ ತರ್ಕ.

ಎದ್ದ ದೇಹದ ಮೇಲೆ ಗಾಯದ ಗುರುತುಗಳು ಉಳಿದಿದ್ದವು. ನಂಬಲಾರದ ತೋಮನಿಗೆ ಯೇಸು ತೋರಿಸಿದ್ದು ಅವನ್ನೇ. ಕಷ್ಟಪಟ್ಟ ಬದುಕನ್ನು ದೇವರು ಅಳಿಸಿಹಾಕುವುದಿಲ್ಲ, ಅದನ್ನೇ ಎತ್ತಿಕೊಳ್ಳುತ್ತಾರೆ ಎಂಬ ಸಮಾಧಾನ ಈ ಗುರುತುಗಳಿಂದ ಹುಟ್ಟಿದೆ. ರೋಗಿ, ಕೈದಿ, ಹಸಿದವರ ಸೇವೆ ಈ ನಂಬಿಕೆಗೆ ಹೊರಗಿನಿಂದ ಅಂಟಿಸಿದ ಕೆಲಸವಲ್ಲ ಎಂಬುದಕ್ಕೂ ಅವೇ ಕಾರಣ.

1321ರ ಥಾಣೆ

ಥಾಣೆ, ಕಲ್ಯಾಣ್ ಸೀಮೆಯಲ್ಲಿ ಕ್ರೈಸ್ತರ ಇರವು ಪೋರ್ಚುಗೀಸರಿಗಿಂತ ಬಹಳ ಹಳೆಯದು. 6ನೇ ಶತಮಾನದ ಪಯಣಿಗ ಕಾಸ್ಮಸ್, ಪರ್ಷಿಯಾದಲ್ಲಿ ದೀಕ್ಷೆ ಪಡೆದ ಬಿಷಪರೊಬ್ಬರು 'ಕಲ್ಲಿಯಾನ'ದಲ್ಲಿದ್ದರೆಂದು ಬರೆದಿದ್ದಾನೆ. ಅದನ್ನು ಹಲವರು ಇಂದಿನ ಕಲ್ಯಾಣ್ ಎಂದೂ, ಕೆಲವರು ಉಡುಪಿ ಬಳಿಯ ಕಲ್ಯಾಣಪುರ ಎಂದೂ ಗುರುತಿಸುತ್ತಾರೆ.

1321ರಲ್ಲಿ ಹೊರ್ಮುಜ್‌ನಿಂದ ಹೊರಟ ಹಡಗೊಂದು ಥಾಣೆಗೆ ಬಂತು. ಅದರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳಾದ ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ದುಭಾಷಿಯಾಗಿದ್ದ ತಿಫ್ಲಿಸ್‌ನ ದೆಮೆತ್ರಿಯಸ್ ಇದ್ದರು. ಜೊತೆಗೆ ಡೊಮಿನಿಕನ್ ಸಂನ್ಯಾಸಿ ಜೊರ್ಡಾನಸ್. ಥಾಣೆಯಲ್ಲಿ ಪೂರ್ವ ಸಭೆಗೆ ಸೇರಿದ ಕ್ರೈಸ್ತ ಕುಟುಂಬವೊಂದು ಅವರಿಗೆ ಆಶ್ರಯ ಕೊಟ್ಟಿತು. ಜೊರ್ಡಾನಸ್ ಗುಜರಾತಿನ ಕಡೆಗೆ ಹೋಗಿದ್ದಾಗ ಆ ಮನೆಯ ಜಗಳವೊಂದು ಕಾಜಿಯ ಮುಂದೆ ಹೋಯಿತು. ಸಾಕ್ಷಿ ಹೇಳಲು ಕರೆಸಿದ ಸಂನ್ಯಾಸಿಗಳ ಜೊತೆ ಧರ್ಮದ ವಾದ ಬೆಳೆಯಿತು, ಅದು ಅವರ ಸಾವಿನಲ್ಲಿ ಮುಗಿಯಿತು. ಏಪ್ರಿಲ್ 9ರಂದು ಮೂವರನ್ನು ಕೊಂದರು. ಸಾಮಾನು ಕಾಯುತ್ತ ಮನೆಯಲ್ಲಿ ಉಳಿದಿದ್ದ ಪೀಟರ್‌ನನ್ನು 11ರಂದು ಕೊಂದರು. ಮರುದಿನ ಗರಿಗಳ ಭಾನುವಾರ. ಆ ವರ್ಷದ ಪಾಸ್ಕ ಏಪ್ರಿಲ್ 19ಕ್ಕೆ ಬಿದ್ದಿತ್ತು.

ಕೊಲೆಯಾದವರ ದೇಹಗಳನ್ನು ಜೊರ್ಡಾನಸ್ ಸೋಪಾರದಲ್ಲಿ ಸಮಾಧಿ ಮಾಡಿಸಿದರು. ಕೆಲವು ವರ್ಷಗಳಲ್ಲಿ ಇದೇ ದಾರಿಯಲ್ಲಿ ಬಂದ ಫ್ರಾನ್ಸಿಸ್ಕನ್ ಸಂನ್ಯಾಸಿ ಒಡೊರಿಕ್ ಆ ಅಸ್ಥಿಗಳನ್ನು ಚೀನಾಕ್ಕೆ ಒಯ್ದರು. ಕೊಲ್ಲಿಸಿದ ಅಧಿಕಾರಿಗೆ ದೆಹಲಿಯ ಸುಲ್ತಾನನೇ ಶಿಕ್ಷೆ ಕೊಟ್ಟನೆಂದು ಒಡೊರಿಕ್ ಬರೆದಿದ್ದಾರೆ. ಥಾಮಸರನ್ನು ಧನ್ಯರ ಸಾಲಿಗೆ ಸೇರಿಸುವ ನಿರ್ಣಯವನ್ನು 1894ರಲ್ಲಿ 13ನೇ ಲಿಯೋ ಪೋಪರು ಹೊರಡಿಸಿದರು. 'ಮಾರ್ಟಿರ್' ಎಂಬ ಗ್ರೀಕ್ ಪದಕ್ಕೆ ಮೂಲದಲ್ಲಿ ಸಾಕ್ಷಿ ಎಂದಷ್ಟೇ ಅರ್ಥ. ಸಾವು ಕೊನೆಯಲ್ಲ ಎಂದು ಬಾಯಲ್ಲಿ ಹೇಳಿದ್ದನ್ನು ಪ್ರಾಣದಿಂದ ಹೇಳಿದವರು ಎಂದು ಸಭೆ ಅವರನ್ನು ನೆನೆಯುತ್ತದೆ. ಹಗೆ ತೀರಿಸುವ ಲೆಕ್ಕ ಆ ನೆನಪಿನಲ್ಲಿ ಸೇರಿಲ್ಲ.

ಪವಿತ್ರ ವಾರ

ಇಂದು ಥಾಣೆಯ ತಲಾವ್‌ಪಾಳಿ ಬಳಿಯ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚ್‌ನಿಂದ ವಾಶಿಯ ಸೇಕ್ರೆಡ್ ಹಾರ್ಟ್ ಚರ್ಚ್‌ವರೆಗೆ ಲ್ಯಾಟಿನ್ ಪದ್ಧತಿಯ ಧರ್ಮಕೇಂದ್ರಗಳು ಮುಂಬಯಿ ಮಹಾಧರ್ಮಪ್ರಾಂತಕ್ಕೆ ಸೇರಿವೆ. ವಲಸೆ ಬಂದ ಮಲಯಾಳಿಗಳಿಗಾಗಿ 1988ರಲ್ಲಿ ಸಿರೋ ಮಲಬಾರ್ ಸಭೆಯ ಕಲ್ಯಾಣ್ ಧರ್ಮಪ್ರಾಂತ ಹುಟ್ಟಿತು. ಆರ್ಥೊಡಾಕ್ಸ್, ಮಾರ್ತೋಮಾ, ಪ್ರೊಟೆಸ್ಟಂಟ್ ಸಭೆಗಳೂ ಇಲ್ಲಿವೆ. ಆಚರಣೆಗಳು ಬೇರೆಯಾದರೂ ವಾರದ ನಡೆ ಒಂದೇ.

ಗುರುವಾರ ಕೊನೆಯ ಭೋಜನದ ಸ್ಮರಣೆ. ಲ್ಯಾಟಿನ್ ಚರ್ಚುಗಳಲ್ಲಿ ಗುರುಗಳು ಮಂಡಿಯೂರಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಕೇರಳದ ಮನೆಗಳಲ್ಲಿ ಹುಳಿ ಬರಿಸದ ಪೆಸಹಾ ಅಪ್ಪವನ್ನು ಮನೆಯ ಹಿರಿಯರು ಮುರಿದು, ತೆಂಗಿನಹಾಲು ಬೆಲ್ಲದ ಪಾನೀಯದ ಜೊತೆ ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ನೆಂಟರು, ನೆರೆಯವರು ತಂದುಕೊಡುತ್ತಾರೆ. ದುಃಖದ ಮನೆ ಹಬ್ಬದಿಂದ ಹೊರಗುಳಿಯದಂತೆ ಕಂಡುಕೊಂಡ ದಾರಿ ಇದು. ಶುಕ್ರವಾರ ಶಿಲುಬೆಯ ಹಾದಿ, ಮೌನ. ಅಂದು ಬಲಿಪೂಜೆ ಇಲ್ಲ. ಮಲಯಾಳಿಗಳು ಕಹಿ ನೀರು ಗುಟುಕರಿಸುತ್ತಾರೆ, ಮಂಗಳೂರಿನವರಲ್ಲಿ ಹಲವರು ಗಂಜಿಯಲ್ಲೇ ದಿನ ಕಳೆಯುತ್ತಾರೆ.

ಶನಿವಾರ ರಾತ್ರಿಯ ಪಾಸ್ಕ ಜಾಗರಣೆ ವರ್ಷದ ಅತ್ಯಂತ ದೊಡ್ಡ ಆರಾಧನೆ. ಚರ್ಚಿನ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕದ ದೊಡ್ಡ ಮೇಣದ ಬತ್ತಿಯನ್ನು ಬೆಳಗಿಸಿ ಒಳಗೆ ತರುತ್ತಾರೆ. ಆ ಒಂದು ಜ್ವಾಲೆಯಿಂದ ಕೈಯಿಂದ ಕೈಗೆ ನೂರಾರು ಬತ್ತಿಗಳು ಹೊತ್ತಿಕೊಳ್ಳುತ್ತವೆ. ಸ್ನಾನದೀಕ್ಷೆ ಕೊಡಲು ಆದಿಯಿಂದಲೂ ಪ್ರಶಸ್ತವಾದ ರಾತ್ರಿ ಇದು. ನೀರಿಗಿಳಿಯುವುದು ಕ್ರಿಸ್ತರೊಡನೆ ಹೂತುಹೋಗುವುದು, ಮೇಲೇಳುವುದು ಅವರೊಡನೆ ಎದ್ದು ಬರುವುದು ಎಂದು ಪೌಲರು ರೋಮಿನವರಿಗೆ ಬರೆದರು. ಎರಡು ಸಾವಿರ ವರ್ಷಗಳ ಹಿಂದಿನ ಘಟನೆ ಹೀಗೆ ಒಬ್ಬೊಬ್ಬ ವಿಶ್ವಾಸಿಯ ಸ್ವಂತ ಬದುಕಿನ ಘಟನೆಯಾಗುತ್ತದೆ. ಪ್ರತಿ ಬಲಿಪೂಜೆ ಅದೇ ಮರಣ ಪುನರುತ್ಥಾನಗಳ ಸ್ಮರಣೆ. ಪ್ರತಿ ಭಾನುವಾರ ಒಂದು ಕಿರುಪಾಸ್ಕ.

ಪಾಸ್ಕದ ಕಾಲ ಪೆಂತಕೋಸ್ತ್‌ವರೆಗೆ ಐವತ್ತು ದಿನ ನಡೆಯುತ್ತದೆ. ಅದು ಮುಗಿದ ಮೇಲೆ ಪಾಸ್ಕದ ಬತ್ತಿಯನ್ನು ಪೀಠದ ಬಳಿಯಿಂದ ತೆಗೆದು ಸ್ನಾನದೀಕ್ಷೆಯ ತೊಟ್ಟಿಯ ಹತ್ತಿರ ಇಡುತ್ತಾರೆ. ಆಮೇಲೆ ವರ್ಷವಿಡೀ ಅದನ್ನು ಹಚ್ಚುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ: ಕೂಸಿಗೆ ದೀಕ್ಷೆ ಕೊಡುವಾಗ ಅದರ ಜ್ವಾಲೆಯಿಂದ ಪುಟ್ಟ ಬತ್ತಿಯೊಂದನ್ನು ಬೆಳಗಿಸಿ ಹೆತ್ತವರ ಕೈಗೆ ಕೊಡಲು, ತೀರಿಕೊಂಡವರನ್ನು ಚರ್ಚಿಗೆ ತಂದಾಗ ಅವರ ಪೆಟ್ಟಿಗೆಯ ಪಕ್ಕ ಇಡಲು.